ತಿಮ್ಮಕ್ಕ ಮತ್ತೆ ಮತ್ತೆ ಹೆಣ್ಣು ನೋಡಿದ್ದು

ಮುಟ್ಟಳ್ಳಿಯ ತಿಮ್ಮಕ್ಕ ಅರವತ್ತು ದಾಟುವ ತನಕ ಹೋಟೆಲಿನಲ್ಲಿ ಕೂತು ಉಂಡವಳಲ್ಲ. ಭಟ್ಕಳ ಪೇಟೆಗೆ ಹೋದಾಗ ಬಿಸಿಲು ತಾಳದೆ ಸೋಡಾ ಕುಡಿದದ್ದುಂಟು, ಆಸ್ಪತ್ರೆಯ ಎದುರು ನಿಂತುಕೊಂಡು ಚಾ ಕುಡಿದದ್ದುಂಟು. ಊಟ ಮಾತ್ರ ಇಲ್ಲ. "ಯಾರೋ ಬೇಯಿಸಿದ್ದು, ಯಾವ ಎಣ್ಣೆಯೋ ಎಂತದೋ" ಎಂದು ಮೂಗು ಮುರಿಯುತ್ತಿದ್ದಳು. ಅದರಲ್ಲಿ ಹೆಮ್ಮೆಯೂ ಸ್ವಲ್ಪ ಇತ್ತು. ಅವಳ ಕೈಯ ಬಂಗಡೆ ಸಾರಿಗೆ ಕೇರಿಯಲ್ಲಿ ಹೆಸರಿತ್ತು. ಹಾಗೆ ಹೆಸರು ಮಾಡಿದವರಿಗೆ ಇನ್ನೊಬ್ಬರ ಸಾರು ರುಚಿಸುವುದು ಕಷ್ಟ.

ಗಂಡ ತೀರಿಹೋಗಿದ್ದ, ಸ್ವಂತ ಮಕ್ಕಳಿರಲಿಲ್ಲ. ಸತ್ತುಹೋದ ತಂಗಿಯ ಮಗ ರಾಜೀವನನ್ನು ಚಿಕ್ಕಂದಿನಿಂದ ಸಾಕಿ ದೊಡ್ಡವನನ್ನಾಗಿ ಮಾಡಿದ್ದಳು. ಅವನು ಪಕ್ಕದೂರು ಜಾಲಿಯಲ್ಲಿ ಮಿಕ್ಸಿ, ಫ್ಯಾನು ರಿಪೇರಿಯ ಅಂಗಡಿ ಇಟ್ಟಿದ್ದ. ಕೊರೊನಾ ಬಂದು ಎಲ್ಲ ಮುಚ್ಚಿದಾಗ ಜನ ಮನೆಯಲ್ಲಿ ಕೂತು ಕಂಡದ್ದನ್ನೆಲ್ಲ ರುಬ್ಬಿ ಮಿಕ್ಸಿ ಸುಟ್ಟುಕೊಂಡಿದ್ದರು. ಅಂಗಡಿ ತೆರೆಯಲು ಅಪ್ಪಣೆಯಾದದ್ದೇ ತಡ, ರಾಜೀವನಿಗೆ ಕೈತುಂಬ ಕೆಲಸ. ಹಳೆಯ ಓಮ್ನಿ ಒಂದನ್ನು ಕೊಂಡ. ವಾಹನ ಬಂದ ಮೇಲೆ ಹೆಂಡತಿಯೂ ಬರಬೇಕಲ್ಲ ಎಂದು ತಿಮ್ಮಕ್ಕ ಹೆಣ್ಣು ಹುಡುಕಲು ಶುರುಮಾಡಿದಳು.

ಕುಮಟೆಯ ಒಂದು ಸಂಬಂಧ ಬಂತು. ಹುಡುಗಿಯ ಹೆಸರು ಸುಚಿತಾ, ಡಿ.ಫಾರ್ಮಾ ಓದಿ ಮೆಡಿಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದಳು. ತಂದೆ ಮಾಬ್ಲ, ನಿವೃತ್ತ ಲೈನ್‌ಮನ್. ತಾಯಿಗೆ ಉಬ್ಬಸ. ಹೊರಗಿನವರು ಮನೆಯೊಳಗೆ ಬರುವುದು ಸದ್ಯಕ್ಕೆ ಬೇಡ ಎಂದು ಡಾಕ್ಟರು ಹೇಳಿದ್ದರು. ಆಗ ಮಾಬ್ಲ ಫೋನಿನಲ್ಲಿ ಒಂದು ಉಪಾಯ ಹೇಳಿದ.

"ಹೋಟ್ಲೆಲ್ಲ ಈಗ ತೆಗ್ದಾರಲ್ಲ ತಿಮ್ಮಕ್ಕಾ. ನೀವು ಭಟ್ಕಳದಿಂದ ಬನ್ನಿ, ನಾವು ಕುಮಟೆಯಿಂದ ಬರ್ತೇವೆ. ಹೊನ್ನಾವರ ಮಧ್ಯಕ್ಕಾತು. ಅಲ್ಲೇ ಕೂತು ನೋಡೂದು."

"ಹೋಟ್ಲಲ್ಲಿ ಹೆಣ್ಣು ನೋಡೂದಾ?" ಎಂದು ತಿಮ್ಮಕ್ಕ ಬೆಚ್ಚಿದಳು. "ಮಾತು ಗಟ್ಟಿಯಾಗೂ ಮುಂಚೆ ಅವರ ಅನ್ನ ಉಣ್ಣೂಕೆ ಇಲ್ಲ. ಅದು ನಮ್ಮಲ್ಲಿ ಮೊದಲಿಂದ ಬಂದದ್ದು."

"ಊಟ ಮಾಡ್ಬೇಡ ದೊಡ್ಡಮ್ಮ, ಬರೀ ಕೂತ್ಕ" ಎಂದ ರಾಜೀವ.

ಅಷ್ಟು ಸುಲಭವಾಗಿರಲಿಲ್ಲ. ಹೊನ್ನಾವರದಲ್ಲಿ ಶರಾವತಿಯ ಹತ್ತಿರದ ಆ ಮೀನೂಟದ ಹೋಟೆಲಿನ ಬಾಗಿಲಲ್ಲಿ ಒಬ್ಬ ಪಿಸ್ತೂಲಿನಂಥದ್ದನ್ನು ತಿಮ್ಮಕ್ಕನ ಹಣೆಗೆ ಹಿಡಿದ. ಅವಳು ಕಣ್ಣು ಮುಚ್ಚಿ ದೇವರನ್ನು ನೆನೆದಳು. ಒಳಗೆ ಒಂದು ಬಿಟ್ಟು ಒಂದು ಮೇಜಿಗೆ ಕೆಂಪು ಟೇಪು ಸುತ್ತಿದ್ದರು. ಮೇಜಿಗೆ ಇಬ್ಬರೇ ಕೂರಬೇಕು ಎಂಬ ಕಟ್ಟಳೆ. ಹಾಗಾಗಿ ತಿಮ್ಮಕ್ಕ, ರಾಜೀವ ಒಂದು ಮೇಜಿನಲ್ಲಿ, ಮಾಬ್ಲ, ಸುಚಿತಾ ಇನ್ನೊಂದರಲ್ಲಿ. ನಡುವೆ ಟೇಪು ಸುತ್ತಿದ ಖಾಲಿ ಮೇಜು. ನಾಲ್ವರ ಮುಖಕ್ಕೂ ಮಾಸ್ಕು. ಮಾತಾಡಬೇಕೆಂದರೆ ಹೊಳೆಯ ಆಚೆ ದಡದವರನ್ನು ಕೂಗಿದಂತೆ ಕೂಗಬೇಕು.

"ಹುಡ್ಗಂಗೆ ಸ್ವಂತ ಅಂಗ್ಡಿಯಾ, ಬಾಡಿಗೆನಾ?" ಎಂದು ಮಾಬ್ಲ ಕೂಗಿದ.

"ಬಾಡಿಗೆ!" ಎಂದು ತಿಮ್ಮಕ್ಕ ಕೂಗಿದಳು.

"ಒಳ್ಳೆ ಹುಡ್ಗ ಮಾರಾಯ್ರೆ, ನಮ್ಮನೆ ಗ್ರೈಂಡರ್ ಇವನೇ ಸರಿ ಮಾಡಿದ್ದು" ಎಂದು ಕಿಟಕಿ ಪಕ್ಕದ ಮೇಜಿನಿಂದ ಯಾರೋ ಅಪರಿಚಿತರು ಕೂಗಿದರು. ರಾಜೀವ ತಲೆ ತಗ್ಗಿಸಿದ. ಆಚೆ ಮೇಜಿನಲ್ಲಿ ಸುಚಿತಾಳ ಭುಜಗಳು ಅಲುಗಿದ್ದು ಅವನಿಗೆ ಕಂಡಿತು. ನಗುತ್ತಿದ್ದಾಳೆ ಎಂದು ತಿಳಿಯಿತು.

ತಿಮ್ಮಕ್ಕ ಬಂದದ್ದು ಹುಡುಗಿಯ ಮುಖ ನೋಡಲು. ಕಾಣುತ್ತಿದ್ದದ್ದು ಎರಡು ಕಣ್ಣು, ಒಂದಿಷ್ಟು ಹಣೆ. "ತಂಗೀ, ಆ ಬಟ್ಟೆ ಒಂಚೂರು ಕೆಳಗೆ ಮಾಡೇ" ಎಂದಳು. ಸುಚಿತಾ ಕೈ ಎತ್ತುವಷ್ಟರಲ್ಲಿ ಬಡಿಸುವ ಹರೀಶ ಓಡಿಬಂದ.

"ಊಟ ಬಂದ್ ಮೇಲೆ ತೆಗೀರಿ ಅಮ್ಮ. ಅಲ್ಲಿವರೆಗೆ ತೆಗ್ಯೂಕೆ ಇಲ್ಲ. ಮೊನ್ನೆ ಬಂದು ದಂಡ ಹಾಕಿ ಹೋಗ್ಯಾರೆ."

"ಹಂಗಾರೆ ಒಂದು ಚಾ ತಕಂಬಾ."

"ಮಧ್ಯಾಹ್ನ ಚಾ ಇಲ್ಲ. ಊಟ ಮಾತ್ರ."

ತಿಮ್ಮಕ್ಕ ಇಕ್ಕಟ್ಟಿಗೆ ಸಿಕ್ಕಿದಳು. ಊಟ ಬಾರದೆ ಮುಖ ಕಾಣದು, ಮುಖ ಕಾಣದೆ ಮಾತು ಗಟ್ಟಿಯಾಗದು, ಮಾತು ಗಟ್ಟಿಯಾಗದೆ ಉಣ್ಣುವಂತಿಲ್ಲ. ಅಡುಗೆಮನೆಯಿಂದ ಇಸವಾಣ ಮೀನಿನ ತುಂಡು ಕಾವಲಿಗೆ ಬಿದ್ದ ಸದ್ದು ಕೇಳಿಸಿತು. ಅವಳು ಒಂದು ಗಳಿಗೆ ಯೋಚಿಸಿದಳು.

"ಇದು ಅವರ ಮನೆ ಅನ್ನ ಅಲ್ಲ, ಹೋಟ್ಲವನದ್ದು" ಎಂದು ರಾಜೀವನಿಗೆ ತೀರ್ಪು ಹೇಳಿದಳು. "ಹೋಟ್ಲವನ ಜೊತಿಗೆ ನಾವೇನು ಸಂಬಂಧ ಮಾಡೂಕೆ ಬರ್ಲಿಲ್ಲ. ಉಣ್ಲಕ್ಕು."

ಊಟ ಬಂತು. ಕುಚ್ಚಿಗೆ ಅನ್ನ, ಬಂಗಡೆ ಸಾರು, ಬಳಚೆಂಬ ಚಿಪ್ಪುಮೀನಿನ ಸುಕ್ಕ, ಅಂಗೈ ಅಗಲದ ಇಸವಾಣದ ರವೆ ಫ್ರೈ, ಲೋಟದಲ್ಲಿ ಮುರುಗಲು ಹುಳಿಯ ತಿಳಿಗುಲಾಬಿ ಬಣ್ಣದ ಸೋಲ್ ಕಡಿ. ತಿಮ್ಮಕ್ಕ ಮೊದಲು ಸಾರು ನೆಕ್ಕಿ, ಹುಳಿ ಹೆಚ್ಚಾಯಿತೆಂದು ಮನಸ್ಸಿನಲ್ಲೇ ಸಮಾಧಾನಪಟ್ಟಳು. ಆಮೇಲೆ ಫ್ರೈಗೆ ಕೈಹಾಕಿದಳು. ಹೊರಗೆ ಗರಿಗರಿ, ಒಳಗೆ ಬೆಣ್ಣೆ. ಅವಳ ತಲೆ ತಟ್ಟೆಯ ಮೇಲೆ ಬಾಗಿದ್ದು ಮತ್ತೆ ಮೇಲೇಳಲಿಲ್ಲ. ಹರೀಶ ಬಂದು "ಅಮ್ಮಾ, ಇನ್ನೊಂಚೂರು ಹಾಕ್ಲಾ?" ಎಂದು ಕೇಳಿದ. ಅವಳು ಹೂಂ ಎಂದು ತಲೆಯಾಡಿಸಿದಳು. ಅವನು ಮತ್ತೆ ಬಂದು ಮತ್ತೆ ಕೇಳಿದ. ಮತ್ತೆ ತಲೆಯಾಡಿಸಿದಳು.

ಕೈತೊಳೆದು ಹೊರಗೆ ಬಂದಾಗ ಎಲ್ಲರೂ ಮಾಸ್ಕು ಏರಿಸಿಕೊಂಡಾಗಿತ್ತು. ಓಮ್ನಿ ಮುಟ್ಟಳ್ಳಿಯ ಕಡೆ ತಿರುಗಿದ ಮೇಲೆ ರಾಜೀವ ಕೇಳಿದ: "ಹೆಂಗೆ ಕಂಡ್ತು ದೊಡ್ಡಮ್ಮ?"

"ಚಲೋ ಇತ್ತು. ರವೆ ಮಾತ್ರ ಇನ್ನೊಂಚೂರು ಸಣ್ಣ ಇರ್ಬೇಕಿತ್ತು."

"ಹುಡ್ಗಿ?"

ತಿಮ್ಮಕ್ಕ ಸುಚಿತಾಳ ಮುಖ ನೆನಪಿಸಿಕೊಳ್ಳಲು ಎಷ್ಟು ಪ್ರಯತ್ನಪಟ್ಟರೂ ಇಸವಾಣವೇ ಎದುರು ಬರುತ್ತಿತ್ತು. "ದೂರ ಆತು ಮಾರಾಯ, ಸರೀ ಕಾಣ್ಲಿಲ್ಲ" ಎಂದಳು. "ಜೀವಮಾನದ ಪ್ರಶ್ನೆ ಇದು. ಇನ್ನೊಂದ್ ಸಲ ನೋಡೂದೇ ಒಳ್ಳೇದು."

ಇದನ್ನು ಮಾಬ್ಲನಿಗೆ ಹೇಗೆ ಹೇಳುವುದೆಂದು ರಾಜೀವ ಅಳುಕಿದ್ದ. ಹೇಳಿದಾಗ ಮಾಬ್ಲ ಒಂದಿಷ್ಟೂ ಬೇಜಾರು ಮಾಡಿಕೊಳ್ಳಲಿಲ್ಲ. "ನೋಡ್ಲಿ, ನೋಡ್ಲಿ! ಅವಸರ ಎಂತಕ್ಕೆ? ನಾಳೆಯೇ ಬೇಕಾರೂ ನಾನು ತಯಾರು" ಎಂದ. ಅವನ ಉತ್ಸಾಹಕ್ಕೆ ಕಾರಣವಿತ್ತು. ಮಾಬ್ಲನಿಗೆ ಬಿ.ಪಿ. ಮನೆಯಲ್ಲಿ ಹೆಂಡತಿ ಸಪ್ಪೆ ಗಂಜಿ ಬಿಟ್ಟು ಬೇರೇನನ್ನೂ ಮುಟ್ಟಗೊಡುತ್ತಿರಲಿಲ್ಲ. ಮಗಳು ಔಷಧಿ ಅಂಗಡಿಯವಳಾದ್ದರಿಂದ ಕಾವಲು ಇನ್ನೂ ಬಿಗಿ. ಆದರೆ ಗಂಡಿನ ಕಡೆಯವರ ಎದುರಿಗೆ, ನಾಲ್ಕು ಜನ ನೋಡುತ್ತಿರುವಾಗ, "ಅಪ್ಪಾ, ಅದನ್ನ ತಿನ್ಬೇಡ" ಎಂದು ಯಾವ ಮಗಳು ಹೇಳುತ್ತಾಳೆ? ಹೆಣ್ಣು ನೋಡುವ ಆ ಒಂದು ಗಂಟೆ ಅವನಿಗೆ ಸ್ವರ್ಗವಾಗಿತ್ತು. ಬಳಚಿನ ಸುಕ್ಕವನ್ನು ಅವನು ಕಣ್ಣು ಮುಚ್ಚಿಕೊಂಡು ತಿಂದದ್ದನ್ನು ರಾಜೀವ ಕಂಡಿದ್ದ, ಭಕ್ತಿ ಎಂದು ತಿಳಿದಿದ್ದ.

ಎರಡನೆಯ ಸಲವೂ ಹೊನ್ನಾವರದ ಅದೇ ಹೋಟೆಲು. ಈ ಸಲ ಹುಡುಗ ಹುಡುಗಿ ಒಂದು ಮೇಜಿನಲ್ಲಿ ಕೂತು ಮಾತಾಡಲಿ, ಹಿರಿಯರು ಒಂದರಲ್ಲಿ ಕೂರೋಣ ಎಂದು ಮಾಬ್ಲನೇ ಸೂಚಿಸಿದ. ರಾಜೀವ, ಸುಚಿತಾ ಟೇಪಿನ ಮೇಜಿನ ಆಚೆ ಕೂತು ತಗ್ಗಿದ ದನಿಯಲ್ಲಿ ಮಾತಾಡಿಕೊಂಡರು. ಮೆಡಿಕಲ್ ಅಂಗಡಿಗೆ ಬಂದವರು ಕೆಮ್ಮು ತಡೆದುಕೊಂಡು ಕೆಮ್ಮಿನ ಔಷಧಿ ಕೇಳುತ್ತಿದ್ದ ಕಥೆ ಅವಳು ಹೇಳಿದಳು. ಮಿಕ್ಸಿಯಲ್ಲಿ ಅರಿಶಿನದ ಕೊಂಬು ಇಡಿಯಾಗಿ ಹಾಕಿ ಬ್ಲೇಡು ಮುರಿದ ಮಾಸ್ತರರ ಕಥೆ ಅವನು ಹೇಳಿದ. ಊಟ ಆರಿಹೋಯಿತು. ಇಬ್ಬರಿಗೂ ಗೊತ್ತಾಗಲಿಲ್ಲ.

ಹಿರಿಯರ ಮೇಜಿನಲ್ಲಿ ಯಾವುದೂ ಆರಲಿಲ್ಲ. ಮನೆಗೆ ಬಂದ ತಿಮ್ಮಕ್ಕ, ಹುಡುಗಿ ತನಗೆ ಬೆನ್ನು ಹಾಕಿ ಕೂತಿದ್ದಳೆಂದು ದೂರಿದಳು. ಅಲ್ಲಿಗೆ ಮಾಬ್ಲನಿಗೂ ದಾರಿ ಗೊತ್ತಾಗಿತ್ತು. ಪ್ರತಿ ಊಟದ ಕೊನೆಗೆ, ಬೆರಳು ನೆಕ್ಕುತ್ತ, "ಅದೊಂದು ಮಾತು ಬಾಕಿ ಆತಲ್ಲ ತಿಮ್ಮಕ್ಕಾ" ಎನ್ನುವನು. ಮದುವೆ ಗಂಡಿನ ಮನೆಯಲ್ಲೋ ಹೆಣ್ಣಿನ ಮನೆಯಲ್ಲೋ ಎಂಬುದು ಒಂದು ಸಲ ಬಾಕಿಯಾಯಿತು. ಇನ್ನೊಂದು ಸಲ, ದಿಬ್ಬಣ ಬೆಳಿಗ್ಗೆ ಹೊರಡಬೇಕೋ ಹಿಂದಿನ ಸಂಜೆಯೋ ಎಂಬುದು. "ಹೌದು, ಅದು ಕೂತು ಮಾತಾಡೂ ವಿಷಯ" ಎಂದು ತಿಮ್ಮಕ್ಕ ಒಪ್ಪುವಳು. ಫೋನಿನಲ್ಲಿ ಮಾತಾಡಬಹುದಲ್ಲ ಎಂದು ರಾಜೀವ ಹೇಳಿದರೆ, "ಫೋನಲ್ಲಿ ಮಾತಾಡಿ ಮಾಡೂಕೆ ಇದೇನು ಗ್ಯಾಸ್ ಸಿಲಿಂಡರಾ?" ಎಂದು ಗದರುವಳು. ಸೋಮವಾರ ಒಂದನ್ನು ಬಿಟ್ಟರೆ, ಏಕೆಂದರೆ ಅಂದು ಅವಳಿಗೆ ಮೀನು ವರ್ಜ್ಯ, ಉಳಿದ ಯಾವ ದಿನವೂ ಇಬ್ಬರಿಗೂ ಅಡ್ಡಿಯಿರಲಿಲ್ಲ.

ಮುಂದಿನ ಸಲ ಕುಮಟೆಗೆ ಹೋದರು. ಅಂದು ಪೇಟೆಯಲ್ಲಿ ಸುತ್ತಿ, ಬಂಡಿಯ ಮುಂದೆ ನಿಂತು ಗೋಳಿಬಜೆ ತಿಂದು, ಹಿರಿಯರಿಬ್ಬರೂ ಐಸ್‌ಕ್ರೀಮಿನ ಅಂಗಡಿ ಹೊಕ್ಕರು. ಎತ್ತರದ ಗಾಜಿನ ಲೋಟದಲ್ಲಿ ಗಡಬಡ್ ಬಂತು. ತಿಮ್ಮಕ್ಕ ಉದ್ದ ಚಮಚ ಹಿಡಿದು ತಳದ ಹಣ್ಣನ್ನು ಹುಡುಕತೊಡಗಿದಳು. ರಾಜೀವ, ಸುಚಿತಾ ಹೊರಗೆ ಓಮ್ನಿಗೆ ಒರಗಿ ನಿಂತಿದ್ದರು.

"ಒಂದ್ ಮಾತು ಕೇಳ್ಲಾ?" ಎಂದಳು ಸುಚಿತಾ. "ನಿಮ್ಮ ದೊಡ್ಡಮ್ಮಂಗೆ ನಾನು ಒಪ್ಪಿಗೆನೋ ಅಲ್ವೋ?"

"ಅವ್ರು ನಿಮ್ಮ ಮುಖ ಇನ್ನೂ ಸರೀ ನೋಡ್ಲಿಲ್ಲ."

"ಇಷ್ಟು ಸಲ ಬಂದು?"

"ಪ್ರತಿ ಸಲವೂ ತಟ್ಟೆ ಬಂದಿತ್ತಲ್ಲ."

ಅವಳು ನಕ್ಕಳು. ಆಮೇಲೆ ಗಾಜಿನೊಳಗೆ ಕಣ್ಣುಹಾಯಿಸಿದಳು. ಅಪ್ಪ ಎರಡನೆಯ ಲೋಟ ತರಿಸುತ್ತಿದ್ದ. ನಗು ನಿಂತಿತು. "ಅಪ್ಪನ ಬಿ.ಪಿ. ಏರ್ತಾ ಉಂಟು. ಹೀಂಗೇ ನೋಡ್ತಾ ಹೋದ್ರೆ ಮದುವೆ ಹೊತ್ತಿಗೆ ಅವ್ರನ್ನ ಆಸ್ಪತ್ರೆಗೆ ಹಾಕ್ಬೇಕಾತದೆ. ನಿಮಗೆ ನಾನು ಒಪ್ಪಿಗೆ ತಾನೆ?"

"ಮೊದಲ ದಿನವೇ."

"ನಂಗೂ" ಎಂದಳು. ಮಾಸ್ಕಿನ ಮೇಲಿನ ಕೆನ್ನೆ ಕೆಂಪಾಯಿತೋ ಏನೋ, ಅವಳು ಮುಖ ತಿರುಗಿಸಿದ್ದರಿಂದ ರಾಜೀವನಿಗೆ ಖಚಿತವಾಗಲಿಲ್ಲ. "ಹಂಗಾರೆ ಮುಂದಿನ ಸಲದ ವ್ಯವಸ್ಥೆ ನನಗೆ ಬಿಡಿ. ಎಲ್ಲಿ ಅದು?"

"ಭಟ್ಕಳ. ಬಿರಿಯಾನಿ ಬೇಕಂತೆ ಇಬ್ರಿಗೂ."

ಭಟ್ಕಳದ ಪಕ್ಕದಲ್ಲೇ ಹುಟ್ಟಿ ಬೆಳೆದರೂ ತಿಮ್ಮಕ್ಕ ಅಲ್ಲಿಯ ಶಾವಿಗೆ ಬಿರಿಯಾನಿಯ ವಾಸನೆಯನ್ನು ರಸ್ತೆಯಲ್ಲಿ ನಡೆಯುತ್ತ ಹೀರಿದ್ದಳೇ ಹೊರತು ಬಾಯಿಗೆ ಇಟ್ಟವಳಲ್ಲ. ಆ ಶುಕ್ರವಾರ ಮಧ್ಯಾಹ್ನ, ಪರದೆ ಕಟ್ಟಿದ ಫ್ಯಾಮಿಲಿ ರೂಮಿನಲ್ಲಿ ನಾಲ್ವರೂ ಕೂತರು. ಆ ಹೊತ್ತಿಗೆ ಟೇಪಿನ ಕಟ್ಟಳೆ ಸಡಿಲವಾಗಿ ಒಂದೇ ಮೇಜಿನ ಸುತ್ತ ಕೂರಬಹುದಾಗಿತ್ತು. ಒಳಗಿನಿಂದ ತುಪ್ಪ, ಈರುಳ್ಳಿ, ಏಲಕ್ಕಿಯ ವಾಸನೆ ಅಲೆಅಲೆಯಾಗಿ ಬರುತ್ತಿತ್ತು. ಮಾಬ್ಲ ಮಾಸ್ಕನ್ನು ಕಿವಿಯಿಂದ ಕಳಚಿ ಜೇಬಿಗಿಟ್ಟು ತಯಾರಾದ. ತಿಮ್ಮಕ್ಕ ಸೆರಗು ಸಿಕ್ಕಿಸಿಕೊಂಡಳು.

ಬಿರಿಯಾನಿ ಬರಲಿಲ್ಲ. ಪಕ್ಕದ ಕೋಣೆಗೆ ಹೋಯಿತು, ಎದುರಿನ ಕೋಣೆಗೆ ಹೋಯಿತು.

"ಎಂತದಾ, ನಮ್ಮನ್ನ ಮರ್ತೇಬಿಟ್ರಾ?" ಎಂದ ಮಾಬ್ಲ.

"ಮರೀಲಿಲ್ಲ ಅಪ್ಪ" ಎಂದಳು ಸುಚಿತಾ. ಅವಳು ಮಾಸ್ಕು ತೆಗೆದಿರಲಿಲ್ಲ. "ಬರೂವಾಗ ಮಾಲೀಕರ ಹತ್ರ ಹೇಳಿ ಬಂದೆ. ನಾನು ಕರೆದ ಮೇಲೆ ತನ್ನಿ ಹೇಳಿ. ಮಾತು ಮುಗಿಲಿ ಮೊದಲು."

ತಿಮ್ಮಕ್ಕ ರಾಜೀವನನ್ನು ನೋಡಿದಳು. ಅವನು ತಲೆಯ ಮೇಲಿನ ಫ್ಯಾನನ್ನು ನೋಡುತ್ತಿದ್ದ, ರಿಪೇರಿಗೆ ಬಂದಿದೆಯೋ ಎಂಬಂತೆ.

"ಎಂತೆಂತ ಬಾಕಿ ಉಂಟು ಹೇಳಿ" ಎಂದಳು ಸುಚಿತಾ.

"ಅದೇ... ಮದುವೆ ಎಲ್ಲಿ ಹೇಳಿ..." ಎಂದು ಮಾಬ್ಲ ತೊದಲಿದ. ಪರದೆ ಸರಿಸಿ ಒಬ್ಬ ಇಣುಕಿದ. ಸುಚಿತಾ ಬೇಡವೆಂದು ತಲೆಯಾಡಿಸಿದಳು. ಅವನ ಹಿಂದೆ ದಮ್ ತೆಗೆದ ಹಂಡೆಯ ವಾಸನೆ ನುಗ್ಗಿ ಬಂತು, ಪರದೆ ಮುಚ್ಚಿತು.

"ನಿಮ್ಮಲ್ಲೇ ಆಗ್ಲಿ ಮಾಬ್ಲಣ್ಣ" ಎಂದಳು ತಿಮ್ಮಕ್ಕ ಚುರುಕಾಗಿ. "ಹೆಣ್ಣಿನ ಮನೆಯಲ್ಲೇ ಆಗ್ಬೇಕಾದ್ದು."

"ಆತು. ದಿಬ್ಬಣ?"

"ಬೆಳಿಗ್ಗೆಯೇ ಬತ್ರು. ರಾತ್ರಿ ಉಳೂದೆಲ್ಲ ಈ ರೋಗದ ಕಾಲದಲ್ಲಿ ಬೇಡ."

"ಆತು. ಜನ?"

"ಐವತ್ತರ ಒಳಗೆ. ಸರ್ಕಾರವೇ ಹೇಳಿದ್ದಲ್ಲ."

"ಆತು, ಆತು. ದಿನ ಭಟ್ರ ಹತ್ರ ಕೇಳಿ ನಾಳೆಯೇ ಹೇಳ್ತೆ." ಮಾಬ್ಲ ಪರದೆಯ ಕಡೆ ನೋಡುತ್ತಲೇ ಹೇಳಿದ. ವಾರಗಟ್ಟಲೆ ಮುಗಿಯದ ಮಾತು, ಪಕ್ಕದ ಕೋಣೆಯವರು ಎರಡನೆಯ ಸಲ ಬಡಿಸಿಕೊಳ್ಳುವಷ್ಟರಲ್ಲಿ ಮುಗಿದಿತ್ತು.

"ಇನ್ನೊಂದು ಬಾಕಿ" ಎಂದಳು ಸುಚಿತಾ, ತಿಮ್ಮಕ್ಕನ ಕಡೆ ತಿರುಗಿ. "ದೊಡ್ಡಮ್ಮ, ನಾನು ನಿಮಗೆ ಒಪ್ಪಿಗೆನಾ? ಅದು ಒಂದ್ಸಲವೂ ಹೇಳ್ಲಿಲ್ಲ ನೀವು."

ತಿಮ್ಮಕ್ಕ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು. ಬಿರಿಯಾನಿಯ ಆಸೆಯೂ ಮುಖದಿಂದ ಇಳಿದಿತ್ತು. "ಒಪ್ಪಿಗೆ ಇಲ್ದೇ ಇಷ್ಟು ಸಲ ಬತ್ನಾ ತಂಗೀ?" ಎಂದಳು. "ಅದಲ್ಲ. ಹದಿನಾರಕ್ಕೆ ಮದುವೆ ಆಗಿ ಬಂದೆ. ಅವತ್ತಿಂದ ಬಡಿಸಿದ್ದೇ ಬಡಿಸಿದ್ದು. ಗಂಡಂಗೆ, ಮಾವಂಗೆ, ಕೊಯ್ಲಿನ ಆಳುಗಳಿಗೆ, ಆಮೇಲೆ ಇವಂಗೆ. ಎಲ್ಲ ಎದ್ದ ಮೇಲೆ ತಳದಲ್ಲಿ ಉಳಿದದ್ದು ನಂಗೆ. ನಿಂಗೆ ಇನ್ನೊಂಚೂರು ಹಾಕ್ಲಾ ಹೇಳಿ ಯಾರೂ ಕೇಳ್ಲಿಲ್ಲ. ಆ ಹೊನ್ನಾವರದ ಹೋಟ್ಲ ಹುಡ್ಗ ಕೇಳ್ದ ನೋಡು..." ಅವಳು ನಿಲ್ಲಿಸಿದಳು. "ಮಾತು ಮುಗಿದ್ರೆ ಇದೂ ಮುಗೀತಲ್ಲ ಹೇಳಿ ಕಂಡ್ತು. ಮತ್ತೆ ನನ್ನ ಯಾರು ಕರ್ಕಂಡ್ ಬತ್ರು?"

ರಾಜೀವ ಫ್ಯಾನಿನಿಂದ ಕಣ್ಣು ಕಿತ್ತು ದೊಡ್ಡಮ್ಮನನ್ನು ನೋಡಿದ. ಅವಳು ತಟ್ಟೆ ಇಟ್ಟು ಕರೆದಾಗೆಲ್ಲ ಮೊಬೈಲು ನೋಡುತ್ತ ಉಂಡು ಎದ್ದುಹೋದದ್ದು ಅವನ ಎದೆಯಲ್ಲಿ ಚುಚ್ಚಿತು. ನೀರಿನ ಲೋಟವನ್ನು ಅವಳ ಹತ್ತಿರ ಸರಿಸಿದ. ಮಾಬ್ಲ ಮಾತ್ರ ಹೃತ್ಪೂರ್ವಕವಾಗಿ "ನಾನು ಬತ್ತೆ ತಿಮ್ಮಕ್ಕಾ, ಯಾವಾಗ ಕರೆದ್ರೂ" ಎಂದ.

"ನೀನು ಸುಮ್ನಿರು ಅಪ್ಪ. ನಿಂಗೆ ನಾಳೆಯಿಂದ ಗಂಜಿ" ಎಂದು ಹೇಳಿ ಸುಚಿತಾ ಮಾಸ್ಕನ್ನು ತೆಗೆದು ಮೇಜಿನ ಮೇಲಿಟ್ಟಳು. ಕುರ್ಚಿಯನ್ನು ಎಳೆದುಕೊಂಡು ತಿಮ್ಮಕ್ಕನಿಗೆ ತೀರ ಹತ್ತಿರ ಕೂತಳು. "ಈಗ ನೋಡಿ. ತಟ್ಟೆ ಇಲ್ಲ ಎದುರಿಗೆ."

ತಿಮ್ಮಕ್ಕ ನೋಡಿದಳು. ದುಂಡು ಮುಖ, ಗಲ್ಲದ ಮೇಲೆ ಒಂದು ಮಚ್ಚೆ. ಮೂಗಿನ ಮೇಲೆ ಮಾಸ್ಕು ಒತ್ತಿ ಒತ್ತಿ ಕಪ್ಪಾದ ಗೆರೆ. ಮನೆಯಲ್ಲಿ ಬಾಗಿಲು ಹಾಕಿಕೊಂಡು ಎಲ್ಲರೂ ಕೂತಿದ್ದಾಗ ಈ ಹುಡುಗಿ ದಿನವಿಡೀ ಔಷಧಿ ಕೊಡುತ್ತ ನಿಂತಿದ್ದಳೆಂದು ತಿಮ್ಮಕ್ಕನಿಗೆ ಆಗ ಹೊಳೆಯಿತು. ಬೆರಳಿನಿಂದ ಆ ಗೆರೆಯನ್ನು ಮುಟ್ಟಿದಳು.

"ನೋಯ್ತದೇನೇ?"

"ಈಗ ಇಲ್ಲ."

"ತೆಂಗಿನೆಣ್ಣೆ ಹಚ್ಕಬೇಕು ಮಲಗೂವಾಗ." ಹಾಗೆಂದು ರಾಜೀವನ ಕಡೆ ತಿರುಗಿ ಗದರಿದಳು. "ಇಷ್ಟು ಚಂದದ ಹುಡ್ಗಿ ಹೇಳಿ ನಂಗೆ ಮೊದಲೇ ಹೇಳೂಕೆ ಎಂತ ಆಗಿತ್ತು ನಿಂಗೆ?"

ಸುಚಿತಾ ಪರದೆ ಸರಿಸಿ ಕರೆದಳು. ಬಿರಿಯಾನಿ ಬಂತು. ತಟ್ಟೆಗೆ ಬಡಿಸಿದವಳು ಅವಳೇ, ಮೊದಲ ತಟ್ಟೆ ತಿಮ್ಮಕ್ಕನಿಗೆ. ಮಾಬ್ಲನಿಗೆ ಅರ್ಧ ತಟ್ಟೆ ಸಿಕ್ಕಿತು, ಅದೂ ಮೇಲಿನ ಹುರಿದ ಈರುಳ್ಳಿ ತೆಗೆದ ಮೇಲೆ.

ಮದುವೆ ಕುಮಟೆಯ ಮನೆಯಂಗಳದಲ್ಲಿ ಸಣ್ಣದಾಗಿ ಆಯಿತು. ಉಬ್ಬಸದ ತಾಯಿ ಜಗಲಿಯ ಕುರ್ಚಿಯಲ್ಲಿ ಕೂತು ಎಲ್ಲವನ್ನೂ ನೋಡಿ, ಧಾರೆಯ ಹೊತ್ತಿಗೆ ಅತ್ತಳು. ಸುಚಿತಾಳಿಗೆ ಭಟ್ಕಳದಲ್ಲೇ ಒಂದು ಮೆಡಿಕಲ್ ಅಂಗಡಿಯಲ್ಲಿ ಕೆಲಸ ಸಿಕ್ಕಿತು. ಭಾನುವಾರಗಳಲ್ಲಿ ಮೂವರೂ ಓಮ್ನಿಯಲ್ಲಿ ಹೊರಟು ಎಲ್ಲಾದರೂ ಉಂಡು ಬರುವುದು ರೂಢಿಯಾಯಿತು. ಕೆಲವು ವಾರ ಹೀಗೆ ನಡೆಯಿತು. ಆಮೇಲೆ ತಿಮ್ಮಕ್ಕನಿಗೆ ಭಾನುವಾರದ ತನಕ ಕಾಯುವುದು ಕಷ್ಟವಾಗತೊಡಗಿತು. ಜೊತೆಗೆ, ಈ ಇಬ್ಬರು ಹೋಟೆಲಿನಲ್ಲಿ ತಟ್ಟೆ ನೋಡುವ ಬದಲು ಒಬ್ಬರ ಮುಖ ಒಬ್ಬರು ನೋಡುತ್ತ ಕೂರುವುದು ಅವಳಿಗೆ ಸರಿಬರಲಿಲ್ಲ. ಊಟದ ಮರ್ಯಾದೆ ಗೊತ್ತಿಲ್ಲದ ಮಕ್ಕಳು ಎಂದು ಪಕ್ಕದ ಮನೆಯ ದುರ್ಗಿಯ ಹತ್ತಿರ ಹೇಳಿಕೊಂಡಳು. ದುರ್ಗಿಯೂ ಹೋಟೆಲು ಕಂಡವಳಲ್ಲ.

ಒಂದು ಬುಧವಾರ ರಾಜೀವ, ಸುಚಿತಾ ಇಬ್ಬರೂ ಮಧ್ಯಾಹ್ನದ ಊಟಕ್ಕೆಂದು ಮನೆಗೆ ಬಂದರೆ ಬಾಗಿಲಿಗೆ ಬೀಗ. ಒಲೆಯ ಹೊಗೆಯಿಲ್ಲ, ಸಾರಿನ ವಾಸನೆಯಿಲ್ಲ. ದೊಡ್ಡಮ್ಮನಿಗೆ ಏನಾಯಿತೋ ಎಂದು ರಾಜೀವ ಗಾಬರಿಯಿಂದ ಕೂಗಿದ. ಪಕ್ಕದ ಮನೆಯ ಜಗಲಿಯಲ್ಲಿ ದುರ್ಗಿಯ ಗಂಡ ಲಿಂಗಪ್ಪ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

"ಹೊನ್ನಾವರಕ್ಕೆ ಹೋಗ್ಯಾರೆ, ಬಸ್ಸಿಗೆ" ಎಂದ. "ತಿಮ್ಮಕ್ಕನೂ, ನಮ್ಮನೆಯವಳೂ. ಮೀನೂಟ ಮಾಡ್ಕಂಡು ಬತ್ರಂತೆ."

"ಕೀಲಿ?"

"ಎರಡು ಮನೆದೂ ಅವರ ಹತ್ರವೇ ಉಂಟು."

ಸುಚಿತಾಳ ಹೊಟ್ಟೆ ಗುರ್ ಎಂದಿತು. ಅವಳು ಬಾಯಿಗೆ ಕೈ ಅಡ್ಡ ಹಿಡಿದು ನಗತೊಡಗಿದಳು.

"ತಮಾ" ಎಂದ ಲಿಂಗಪ್ಪ ಸಂಕೋಚದಿಂದ, "ಗೂಡಂಗ್ಡಿಗೆ ಹೋಗೂದಾದ್ರೆ ನಂಗೂ ಎರಡು ಬನ್ನು ತಕಂಬಾ."